ಮುಂದಿನ ಸೀಟಿನ ಗಂಡಸು

ನವೆಂಬರ್ 4, ಬೆಳಗಿನ ಆರು

ಮತ್ತೆ ಜಲಾಶಯದ ದಂಡೆ. ಕಾರಿನಲ್ಲಿ ಕೂತಿದ್ದೇನೆ. ಗಾಜು ಏರಿಸಿದೆ, ಕಾಲು ಮರಗಟ್ಟಿದೆ. ಮಗಳು ಕೆಳಗೆ ಕೆಸರಿನಲ್ಲಿ ಟ್ರೈಪಾಡ್ ಊರಿ ನಿಂತಿದ್ದಾಳೆ. ಹೆಂಗಸು ಒಬ್ಬಳೇ ಇಲ್ಲಿಗೆ ಬರಕೂಡದು, ಮನೆಯ ಗಂಡಸು ಜೊತೆಗಿರಬೇಕು — ಜಲಾಶಯದ ಆಫೀಸಿನ ರೂಲು. ಅವರ ಕ್ಯಾಲೆಂಡರಿಗೆ ಹನ್ನೆರಡು ಚಿತ್ರ ತೆಗೆಯುವ ಕೆಲಸ ಇವಳಿಗೆ ಸಿಕ್ಕಿದೆ. ಹಾಗಾಗಿ ನಾನು ಪರ್ಮಿಟ್ಟು. ಉಸಿರಾಡುವ ಪರ್ಮಿಟ್ಟು.

ಗೇಟಿನವನು ಸಲ್ಯೂಟ್ ಹೊಡೆಯುವುದು ನನಗೇ. ಇವತ್ತು ಕೇಳಿದ:

"ಏನ್ ಸಾರ್, ಭಾರ ಎಲ್ಲ ಪಾಪ ಮಗಳ ಕೈಲೇ ಹೊರಿಸ್ತೀರಲ್ಲ?"

"ಫೋಟೋ ತೆಗೆಯೋಳೇ ಅವಳು ಕಣಪ್ಪ."

"ಹೆಣ್ಮಕ್ಳು ಹೂವು, ಮಗು ಅಂತ ತೆಗೀತಾರೆ. ಇಷ್ಟು ದೊಡ್ಡ ನೀರು..." ನಕ್ಕ.

ಮಗಳಿಗೆ ಹೇಳಿದೆ. "ಹೋಗ್ಲಿ ಬಿಡಪ್ಪ, ಗೇಟ್ ತೆಗೆದ್ನಲ್ಲ" ಅಂದಳು. ಅವಳಮ್ಮನೂ ಹೀಗೇ, ಮಾತು ಮುಗಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೋಗುವಾಗಲೂ ಹಾಗೇ... ಇರಲಿ, ಎಲ್ಲಿದ್ದೆ? ಹನ್ನೊಂದು ಚಿತ್ರ ಆಗಿವೆ. ಡಿಸೆಂಬರ್ ಪುಟಕ್ಕೆ ಮಂಜು ಬೇಕು. ಮಂಜು ಬರುತ್ತಿಲ್ಲ.

ನವೆಂಬರ್ 13

ಮೆಟ್ಟಿಲಲ್ಲಿ ಜಾರಿದೆ. ಮಂಡಿ ಊದಿ ಕುಂಬಳಕಾಯಿ. ಡಾಕ್ಟರು: "ಒಂದು ತಿಂಗಳು ಮಂಚ ಇಳೀಬೇಡಿ ಯಜಮಾನ್ರೇ."

ಇಪ್ಪತ್ತನೇ ತಾರೀಖಿನೊಳಗೆ ಡಿಸೆಂಬರ್ ಚಿತ್ರ ಕೊಡದಿದ್ದರೆ ಇಡೀ ಕ್ಯಾಲೆಂಡರು ಬೇರೆಯವರಿಗೆ. ಅಪ್ಪನಿಗೆ ಬಿಡುವಿಲ್ಲ, ಒಬ್ಬಳೇ ಹೋಗಲಾ ಎಂದು ಆಫೀಸರನ್ನು ಕೇಳಿದಳು; ಮಂಡಿಯ ಮಾತೆತ್ತಲಿಲ್ಲ. "ರೂಲು ನಿಮ್ಮ ಒಳ್ಳೇದಕ್ಕೇ ಮೇಡಂ. ಅಣ್ಣ, ತಮ್ಮ, ಗಂಡ — ಯಾರಾದ್ರೂ?" ಯಾರೂ ಇಲ್ಲ. ಇರುವ ಒಬ್ಬ ಗಂಡಸು ಮಂಚಕ್ಕೆ ಅಂಟಿಕೊಂಡಿದ್ದಾನೆ.

ನವೆಂಬರ್ 17, ನಸುಕು

ನೆಸೆಸಿಟಿ ಈಸ್ ದ ಫಾದರ್ ಆಫ್ ಇನ್ವೆನ್ಶನ್... ಫಾದರ್ ಅಲ್ಲ, ಮದರ್ ಇರಬೇಕು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ.

ನನ್ನ ಕೋಟಿಗೆ ದಿಂಬು ತುರುಕಿದಳು. ಉಣ್ಣೆ ಟೋಪಿ, ಮಫ್ಲರು, ಹಳೇ ಕನ್ನಡಕ. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುತ್ತಾಳಂತೆ.

"ಕತ್ತು ಸ್ವಲ್ಪ ವಾಲಿಸು. ಅಷ್ಟು ನೆಟ್ಟಗೆ ನಾನು ನಿದ್ದೆ ಮಾಡಲ್ಲ."

"ನಿನಗಿಂತ ವಾಸಿ ಅಪ್ಪ. ಗೊರಕೆ ಇಲ್ಲ."

ಇಬ್ಬರೂ ನಕ್ಕೆವು. ಆಮೇಲೆ ನಗು ಬಿಟ್ಟು ಹೇಳಿದಳು: "ಕಿಟಕಿ ತೆಗೀಬೇಡ. ಜೋರಾಗಿ ಕೆಮ್ಮಬೇಡ." ಕೆಳಗಿನ ಮನೆಯಾಕೆ ಆಫೀಸರನ ಅತ್ತೆ. ನಾನೀಗ ಜಲಾಶಯದಲ್ಲಿದ್ದೇನಲ್ಲ.

ಅದೇ ದಿನ, ಹತ್ತು ಗಂಟೆ

ಪರದೆ ಎಳೆದ ಕೋಣೆ. ರೇಡಿಯೋ ಹಾಕುವಂತಿಲ್ಲ. ಕೆಮ್ಮು ಬಂದರೆ ಬಾಯಿಗೆ ಟವೆಲು. ಆಫೀಸರನ ಫೋನು. ಎತ್ತದಿದ್ದರೆ ಅನುಮಾನ. ಹೊದಿಕೆಯೊಳಗೆ ಹೊಕ್ಕು ಎತ್ತಿದೆ.

"ಎಲ್ಲಿದ್ದೀರ ಸಾರ್?"

"ಇಲ್ಲೇ, ನೀರಿನ ಹತ್ರ." ಪೂರ್ತಿ ಸುಳ್ಳಲ್ಲ, ತಲೆದೆಸೆಯಲ್ಲಿ ಹೂಜಿ ಇತ್ತು.

"ಮಗಳ ಹೆಸರಲ್ಲಿ ಚಿತ್ರ ಕೊಟ್ರೆ ನಮಗೆ ಗೊತ್ತಾಗಲ್ವ ಸಾರ್? ಆ ಬಂಡೆ, ಆ ಮೋಡ — ಅದು ಗಂಡಸಿನ ಕಣ್ಣು. ಕ್ಯಾಲೆಂಡರಲ್ಲಿ ನಿಮ್ಮ ಹೆಸರೇ ಹಾಕ್ತೀವಿ."

"ಅಯ್ಯೋ, ನನಗೆ ಬಟನ್ ಎಲ್ಲಿದೆ ಅಂತಾನೂ ಗೊತ್ತಿಲ್ಲ!"

"ದೊಡ್ಡೋರು ಹೀಗೇ ಹೇಳೋದು." ಇಟ್ಟೇಬಿಟ್ಟ.

ಅವಳು ಅಲ್ಲಿ ಒಬ್ಬಳೇ ಇದ್ದಾಳೆ ಕಣಯ್ಯ — ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ ಅವಳ ಹೆಸರು. ಬಿಸಿತುಪ್ಪ.

ನವೆಂಬರ್ 18

ಮಂಜು ಸಿಕ್ಕಿದೆ! ಚಿತ್ರ ತೋರಿಸಿದಳು. ಒಂದು ದಡ ಮಾತ್ರ ಇದೆ. ಇನ್ನೊಂದು ಇಲ್ಲವೇ ಇಲ್ಲ. ನೋಡುತ್ತ ಹೊದಿಕೆ ಎಳೆದುಕೊಂಡೆ, ಅಷ್ಟು ಚಳಿ ಅದರಲ್ಲಿ.

"ಗೇಟಿನವನು ಕೇಳ್ದ, ಯಜಮಾನ್ರನ್ನ ಎಬ್ಬಿಸಿ ಟೀ ಕೊಡ್ಲಾ ಅಂತ. ಎರಡು ಲೋಟಾನೂ ನಾನೇ ಕುಡಿದೆ."

ಇಷ್ಟು ಗೆಲುವಾಗಿ ಅವಳನ್ನು ನೋಡಿ ಎಷ್ಟು ಕಾಲವಾಯಿತೋ. ಆದರೂ ಫೋನಿನ ಸಂಗತಿ ಹೇಳಿದೆ. ಕ್ಯಾಮೆರಾ ಒರೆಸುತ್ತಿದ್ದ ಕೈ ನಿಂತಿತು.

"ಒಪ್ಕೋ ಅಪ್ಪ."

"ಏನನ್ನ?"

"ಮುಂದಿನ ವರ್ಷಾನೂ ಕೆಲಸ ಕೊಡ್ತಾರೆ. ಹೊಳೆ ಪೂರ್ತಿ, ಹುಟ್ಟೋ ಜಾಗದಿಂದ ಸಮುದ್ರದವರೆಗೆ. ನನಗೆ ಹೋಗ್ಬೇಕು."

"ನಿನ್ನ ಹೆಸರು?"

"ಹೆಸರು ಇಟ್ಕೊಂಡು ಮನೇಲಿ ಕೂತ್ಕೊಳ್ಳಲಾ?"

ಕೇಳಿದಳು, ಈ ಪರದೆ ಎಳೆದ ಕೋಣೆಯಲ್ಲಿ ಮಲಗಿದವನನ್ನು.

ನವೆಂಬರ್ 20, ಹನ್ನೊಂದು ಗಂಟೆ

ಚಿತ್ರ ತಲುಪಿದೆ. ಆಫೀಸರನ ಫೋನು. ಹೆಸರು ಖಾತ್ರಿ ಮಾಡಿಕೊಳ್ಳಬೇಕಂತೆ. "ಒಂದ್ನಿಮಿಷ ಸಾರ್, ಪ್ರಿಂಟಿಂಗ್‌ನವರನ್ನ ಲೈನಿಗೆ ತಗೋತೀನಿ" ಅಂದು ಪೀಪೀ ಸಂಗೀತಕ್ಕೆ ಬಿಟ್ಟು ಹೋಗಿದ್ದಾನೆ. ಸ್ಪೀಕರ್ ಹಾಕಿ ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕಲ್ಲ.

ಮಗಳು ಮಂಚದ ತುದಿಯಲ್ಲಿ ಕೂತಿದ್ದಾಳೆ. ನನ್ನತ್ತ ಬೆರಳು ತೋರಿಸಿ ತುಟಿಯಲ್ಲೇ ಹೇಳುತ್ತಾಳೆ: ನಿಂದು, ನಿಂದು. ಕಣ್ಣು ಮಾತ್ರ ಗೋಡೆಯ ಕಡೆ.

ಸಂಗೀತ ನಿಂತಿತು. "ಹಾಂ, ಹೇಳಿ ಸಾರ್, ಯಾರ ಹೆಸರು?"

ನಾನು ಪೆನ್ನು ಇಟ್ಟು ಹೇಳಬೇಕು, ನನ್ನದೋ ಅವಳದೋ—