ಜಾನಕಕ್ಕನ ಮಾತ್ರೆ ಡಬ್ಬಿ

ಅಣ್ಣಾ ನಗರ್, ಚೆನ್ನೈ
೧೧-೯-೨೦೨೫

ಪ್ರೀತಿಯ ಜಾನಕಕ್ಕಾ,

ನಿಮ್ಮ ಓರಗಿತ್ತಿ ಅಮ್ಮಣ್ಣಿಯ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ಪ್ರಣಮ್ಯಾಳ ಸಿಸೇರಿಯನ್ ಹೊಲಿಗೆ ಒಣಗಿತೇ? ಮಗುವಿಗೆ ಮೂಗು ಕಟ್ಟುವುದು ಕಡಿಮೆಯಾಯಿತೇ? ಕುಂದಾಪುರದಲ್ಲಿ ಮಗಳ ಬಾಣಂತನ ಮಾಡುವವರಿಗೆ ಕಾಗದ ಓದಲು ಪುರುಸೊತ್ತಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಸುಮ್ಮನಾಗುತ್ತೇನೆ. ಈ ಮನೆಗೆ ಕಿರಿಸೊಸೆಯಾಗಿ ಬಂದ ಇಪ್ಪತ್ತಾರು ವರ್ಷವೂ ನಡೆದದ್ದು ಅದೇ ತಾನೆ. ಬೇಜಾರು ಮಾಡಿಕೊಳ್ಳಬೇಡಿ.

ಇವರನ್ನು ನುಂಗಂಬಾಕ್ಕಂನ ಆಸ್ಪತ್ರೆಗೆ ಸೇರಿಸಿದ ಸುದ್ದಿಯನ್ನು ಭಾವ ನಿಮಗೆ ತಿಳಿಸಿರಬೇಕು. ಎಷ್ಟು ತಿಳಿಸಿದರೋ ನನಗೆ ಗೊತ್ತಿಲ್ಲ. ಇವತ್ತಿಗೆ ಆರು ದಿನ. ಆ ಉರಿಮೂತ್ರದ ತೊಂದರೆ ಇತ್ತಲ್ಲ, ಯುಗಾದಿಯಿಂದ ಬಂದು ಬಂದು ಹೋಗುತ್ತಿದ್ದದ್ದು, ಅದೇ ಈ ಸಲ ಚಳಿಜ್ವರವಾಗಿ ತಿರುಗಿ ಕಿಡ್ನಿಗೆ ಏರಿತು. ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರು ಹಾಗೇ ವಾಲಿದರು. ದೋಸೆ ಹುಯ್ಯುತ್ತಿದ್ದ ಸದಾನಂದ ಸೌಟು ಬಿಸಾಡಿ ಓಡಿ ಬಂದು ಹಿಡಿದುಕೊಂಡನು. ಮನೀಶ ಗಾಬರಿಯಲ್ಲಿ ಏನಂದ ಗೊತ್ತೇ? ಆಂಬುಲೆನ್ಸಿಗಲ್ಲ, "ಪೆರಿಯಮ್ಮಾವುಕ್ಕು ಫೋನ್ ಪಣ್ಣುಮ್ಮಾ" ಅಂದ. ನಾನು ಹೆತ್ತ ಮಗ, ಅಪ್ಪ ಕಣ್ಣೆದುರು ಬಿದ್ದಾಗ ಕರೆಯಬೇಕೆನಿಸಿದ್ದು ದೊಡ್ಡಮ್ಮನನ್ನು. ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು ಅಕ್ಕಾ, ಸುಳ್ಳು ಯಾಕೆ ಹೇಳಲಿ.

ಮೂತ್ರ ಪರೀಕ್ಷೆಗೆ ಕಳಿಸಿದ್ದರು. ಮೂರನೇ ದಿನ ವರದಿ ಬಂತು. ಅದರಲ್ಲಿ ಉದ್ದಕ್ಕೆ ಔಷಧಗಳ ಹೆಸರು, ಸುಮಾರು ಹೆಸರುಗಳ ಮುಂದೆ ಇಂಗ್ಲಿಷಿನ ಆರ್ ಅಕ್ಷರ. ಆರ್ ಇದ್ದರೆ ಕ್ರಿಮಿ ಆ ಔಷಧಕ್ಕೆ ಬಗ್ಗುವುದಿಲ್ಲವಂತೆ. ನೀವು ಉಳಿದ ಮಾತ್ರೆ ಕೂಡಿಡುವ ಡಬ್ಬಿಯಲ್ಲಿನ ಬೆಳ್ಳಿ ಬಣ್ಣದ ಪಟ್ಟಿಯ ಸೆಫಿಕ್ಸಿಮ್ ಮೊದಲಲ್ಲೇ ಇತ್ತು. ಡಾಕ್ಟರು ನಿಖಿತಾ ಅಂತ, ನಮ್ಮ ಪ್ರಣಮ್ಯಾಳ ವಯಸ್ಸಿನವಳು. "ಇಂದ ಗ್ರೂಪೇ ವೇಲೆ ಸೆಯ್ಯಾದು" ಅಂದಳು. ಒಂದು ಮಾತ್ರೆಯಲ್ಲ, ಸೆಫಲೋಸ್ಪೊರಿನ್ ಅನ್ನುವ ಆ ವಂಶವೇ ಇವರ ಮೈಯಲ್ಲಿರುವ ಕ್ರಿಮಿಯ ಮೇಲೆ ಕೆಲಸ ಮಾಡುವುದಿಲ್ಲ. ಈಗ ಬೇರೆ ಜಾತಿಯ ಬಲವಾದ ಔಷಧವನ್ನು ದಿನಕ್ಕೆ ಮೂರು ಸಲ ನರದಲ್ಲಿ ಬಿಡುತ್ತಿದ್ದಾರೆ. ಇದೂ ಹಿಡಿಯದಿದ್ದರೆ ಅಂತ ಭಾವ ಕೇಳಿದರು. ಆಕೆ ಚೀಟಿ ಬರೆಯುತ್ತಾ ಕೂತಳು.

ಹಾಗಂತ ಮಾತ್ರೆಯೇ ಕೆಟ್ಟದ್ದು ಅಂತ ತಿಳಿಯಬೇಡಿ. ಟೈಫಾಯಿಡಿಗೆ ಕೊಡುತ್ತಾರೆ, ಬಸುರಿಯರಿಗೂ ಸಾಮಾನ್ಯವಾಗಿ ಕೊಡುವಷ್ಟು ಸೌಮ್ಯವಂತೆ. ಸಿಸೇರಿಯನ್ನಿಗೆ ಮುಂಚೆ ಹಾಕುವ ಇಂಜೆಕ್ಷನ್ನೂ ಹೆಚ್ಚಾಗಿ ಇದೇ ವಂಶದ್ದು, ಪ್ರಣಮ್ಯಾಳಿಗೂ ಅದನ್ನೇ ಹಾಕಿರಬೇಕು. ಪೆನಿಸಿಲಿನ್ ಮೈಗೆ ಒಗ್ಗದವರು ಮೊದಲೇ ಹೇಳಬೇಕು, ಅಷ್ಟೇ. ಆದರೆ ನೆಗಡಿಗೆ, ವೈರಲ್ ಜ್ವರಕ್ಕೆ ಅದರಿಂದ ಏನೂ ಆಗುವುದಿಲ್ಲ. ಬೇಡದ ಕಡೆಯೆಲ್ಲ ನುಂಗಿ ನುಂಗಿ ಕ್ರಿಮಿಗಳಿಗೆ ಮಾತ್ರೆಯನ್ನು ಎದುರಿಸಲು ಕಲಿಸಿದ್ದೀರಿ ಎಂದು ಆಕೆ ನಮ್ಮನ್ನು ಬೈದಳು. ಮಗುವಿನ ಮೂಗು ಕಟ್ಟಿದ್ದಕ್ಕೆ ನೀವು ಮಾತ್ರೆ ಪುಡಿ ಮಾಡಿ ಜೇನಿನಲ್ಲಿ ತೇಯಲು ಹೋಗಬೇಡಿ, ದಮ್ಮಯ್ಯ.

ನಮ್ಮದು ಹೋಟೆಲಿನ ಮನೆ. ಬೆಳಗಿನ ಇಡ್ಲಿ ಉಳಿದರೆ ಸಂಜೆಗೆ ಉಪ್ಪಿಟ್ಟು, ಏನನ್ನೂ ಎಸೆದು ಗೊತ್ತಿಲ್ಲ. ಮಾತ್ರೆಯನ್ನೂ ನೀವು ಹಾಗೇ ನೋಡಿದಿರಿ. "ಜ್ವರ ಬಿಟ್ಟ ಮೇಲೆ ಎಂತಕೆ ತಿನ್ನುದು, ತೆಗ್ದಿಡಿ" ಅನ್ನುತ್ತಿದ್ದಿರಿ. ಭಾವನ ಗಂಟಲುನೋವಿನದು, ಪ್ರಣಮ್ಯಾಳ ಟೈಫಾಯಿಡಿನದು, ಸಪ್ಲೈಯರ್ ಬಾಬುವಿನ ಕಾಲುಗಾಯದ್ದು, ಎಲ್ಲ ಅರ್ಧರ್ಧ ಪಟ್ಟಿಗಳು ನಿಮ್ಮ ಬಿಸ್ಕತ್ತು ಡಬ್ಬಿ ಸೇರಿದವು. ಯಾರಿಗೆ ಮೈ ಬಿಸಿಯಾದರೂ ನಿಮ್ಮ ಬಾಗಿಲು ತಟ್ಟುತ್ತಿದ್ದರು, ಎರಡು ದಿನಕ್ಕೆ ಎದ್ದು ಓಡಾಡುತ್ತಿದ್ದರು. ಜಾನಕಮ್ಮನ ಕೈಗುಣ ಅಂತ ಹೆಸರು. ಇವರಂತೂ ನಾನು ಕುದಿಸಿ ಕೊಟ್ಟ ಜೀರಿಗೆ ಕಷಾಯವನ್ನು ಆರಲು ಬಿಟ್ಟು, ನಿಮ್ಮ ಮಾತ್ರೆಯನ್ನು ತೀರ್ಥದ ಹಾಗೆ ತೆಗೆದುಕೊಳ್ಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಈಗ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಡಬ್ಬಿಯದೇ ಮಾತು. ಭಾವ ಅದನ್ನು ಒಯ್ದು ಡಾಕ್ಟರ ಮೇಜಿನ ಮೇಲೆ ಸುರಿದರು, "ಇದು ನನ್ನ ಹೆಂಡತಿಯ ಕೆಲಸ" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಒಳಗೊಳಗೇ ಸಂತೋಷವಾಯಿತು. ಇವರು ನಿನ್ನೆ ಮೊದಲ ಸಲ ಗಂಜಿ ಕುಡಿದರು, ಅದೂ ನನ್ನ ಕೈಯಿಂದಲೇ. ನರ್ಸ್ ಬಂದರೂ ನನ್ನನ್ನು ಕರೆಯುತ್ತಾರೆ. ನಿಮ್ಮ ಹೆಸರೆತ್ತಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದನ್ನೇ.

ಮಗುವಿಗೆ ನನ್ನ ಮುತ್ತು, ಪ್ರಣಮ್ಯಾಳಿಗೆ ಆಶೀರ್ವಾದ, ನಿಮ್ಮ ಕಾಲಿಗೆ ನಮಸ್ಕಾರ.

ಇಂತಿ ನಿಮ್ಮ
ಅಮ್ಮಣ್ಣಿ

ವಿ.ಸೂ.: ಮನೀಶ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚೌತಿಯ ಮರುದಿನ ನೀವು ಫೋನು ಮಾಡಿದಾಗ ಇವರು ಸ್ನಾನಕ್ಕೆ ಹೋಗಿದ್ದರು. "ನಾಲ್ಕನೇ ಸಲ ಬಂತಂದ್ರೆ ಇನ್ನು ಮಾತ್ರೆ ಬೇಡ ಮಾರಾಯ್ತಿ, ಇವತ್ತೇ ಡಾಕ್ಟ್ರಿಗೆ ತೋರ್ಸಿ" ಅಂದಿರಿ. ನಾನು ಇವರಿಗೆ ಅದನ್ನು ಹೇಳಲಿಲ್ಲ. "ಅಕ್ಕ ಫೋನೇ ಮಾಡಿಲ್ಲ, ಮೊಮ್ಮಗನ ಮುಂದೆ ನಿಮ್ಮ ನೆನಪು ಎಲ್ಲಿರುತ್ತದೆ" ಅಂದೆ. ಡಬ್ಬಿ ತೆರೆದು ಮಾತ್ರೆಯನ್ನು ನಾನೇ ಕೊಟ್ಟೆ, ಒಂದು ಸಲವಾದರೂ ನನ್ನಿಂದ ವಾಸಿಯಾಯಿತು ಅನ್ನಲಿ ಅಂತ. ಎಂಟು ದಿನ ಹೀಗೇ ಹೋಯಿತು. ಆ ಎಂಟು ದಿನ ಮೊದಲೇ ತಂದಿದ್ದರೆ ಕಿಡ್ನಿಗೆ ಏರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದಳು. ನೀವು ತಮ್ಮನ್ನು ಮರೆತಿರಿ ಎಂದೇ ಇವರು ಇನ್ನೂ ನಂಬಿದ್ದಾರೆ. ನನ್ನ ಬಾಯಿಂದ ಹೊರಡುತ್ತಿಲ್ಲ. ಬಂದು ಈ ಕಾಗದವನ್ನು ಇವರಿಗೆ ನೀವೇ ಓದಿ ಹೇಳಿ ಅಕ್ಕಾ. ನಾನು ಎದ್ದು ಹೋಗುವುದಿಲ್ಲ.