ಹೇಳಿಕೆಯ ಮೂರನೇ ಸಾಲು

ಅಂಗವಿಕಲರ ಭತ್ಯೆ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ಮಂಗಳವಾರದಿಂದ ನನ್ನ ತಂಗಿಯ ಭತ್ಯೆ ನಿಂತಿದೆ. ಇದನ್ನು ಮೊದಲು ತಿಳಿಸಿದ್ದು ನಿಮ್ಮ ಕಚೇರಿಯಲ್ಲ, ಬ್ಯಾಂಕಿನ ಮೂರನೇ ಕೌಂಟರಿನ ಹೆಣ್ಣುಮಗಳು. ನಿಮ್ಮ ಪತ್ರ ಎರಡು ದಿನ ತಡವಾಗಿ ಬಂತು. ಮಿತಿಗಿಂತ ಹೆಚ್ಚಿನ ಉಳಿತಾಯ ಇರುವುದು ಫಲಾನುಭವಿಯ ಸ್ವಂತ ಹೇಳಿಕೆಯಿಂದಲೇ ಸಾಬೀತಾಗಿದೆ ಎಂದು ಅದರಲ್ಲಿ ಕಾರಣ ಕೊಟ್ಟಿದ್ದೀರಿ. ಆ ಹೇಳಿಕೆಯನ್ನು ಅವಳು ಕೊಟ್ಟದ್ದು ಪೊಲೀಸರಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿ, ಬಲಗೈಯ ಮೂರು ಬೆರಳು ಮುರಿದ ಮಾರನೆಯ ದಿನ. ಮುರಿದವನು ಅವಳ ಅಣ್ಣ, ಅಂದರೆ ನನ್ನ ತಮ್ಮ. ಮುರಿಯಲು ಬಳಸಿದ್ದು ಅವಳದೇ ಬೈಂಡಿಂಗ್ ಪ್ರೆಸ್ಸು. ಈ ವಿವರಗಳು ನಿಮ್ಮ ಪತ್ರದಲ್ಲಿಲ್ಲ. ಜಾಗ ಸಾಲದೆ ಬಿಟ್ಟಿರಬಹುದು ಎಂದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ತಂಗಿಗೆ ಈಗ ಮೂವತ್ತಾರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ಸು ಹರಿದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಹದಿನಾಲ್ಕು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಪುಸ್ತಕ ಬೈಂಡ್ ಮಾಡುತ್ತಾಳೆ. ಮನೆಯಲ್ಲಿ ಅವಳನ್ನು ಸೂಜಿ ಎಂದು ಕರೆಯುತ್ತೇವೆ. ಅವಳ ಮಾತು ಕೇಳಿದವರು ಯಾಕೆ ಎಂದು ಕೇಳುವುದಿಲ್ಲ. ಪೇಟೆಯ ಅಂಗಡಿಯವನು ಕೆಲಸ ತಂದುಕೊಡುತ್ತಾನೆ, ಅರ್ಧಕ್ಕಿಂತ ಹೆಚ್ಚು ಹಣ ತಾನಿಟ್ಟುಕೊಳ್ಳುತ್ತಾನೆ, ಏಕೆಂದರೆ ಕಾಗದದ ಅಂಚು ಕತ್ತರಿಸುವ ಯಂತ್ರ ಇರುವುದು ಅವನ ಬಳಿ. ಒಮ್ಮೆ ಅವನು ತಂದ ಕಟ್ಟಿನಲ್ಲಿ ನಿಮ್ಮ ಕಚೇರಿಯ ನಿಯಮಾವಳಿಯೂ ಇತ್ತು. ಆರು ಪ್ರತಿ ಹೊಲಿದಳು. ನನ್ನನ್ನು ಕರೆದು ಹನ್ನೊಂದನೆಯ ಪುಟ ಓದಿಸಿದಳು. ಭತ್ಯೆ ಪಡೆಯುವವರ ಉಳಿತಾಯ ನಲವತ್ತು ಸಾವಿರ ಮೀರಬಾರದು. ಮೀರಿದರೆ ಭತ್ಯೆ ರದ್ದು, ಮತ್ತೆ ಬೇಕಾದರೆ ಹೊಸ ಅರ್ಜಿ. ಹೊಸ ಅರ್ಜಿಗೆ ಈಗ ಒಂದೂವರೆ ವರ್ಷ ಕಾಯಬೇಕು. ಮಿತಿ ನಿಗದಿಯಾದದ್ದು ಇಪ್ಪತ್ತೆರಡು ವರ್ಷದ ಹಿಂದೆ.

"ಅಕ್ಕಾ, ನಾನು ವಿಶೇಷ ಚೇತನಳಂತೆ. ನಿನಗೆ ಇಲ್ಲದ ನಿಯಮ ನನಗೊಬ್ಬಳಿಗೇ ಇದೆ ನೋಡು" ಅಂದಳು.

ಕುಳಿತೇ ಕೈಯಿಂದ ನಡೆಸಬಹುದಾದ, ಕಾಗದ ಕತ್ತರಿಸುವ ಯಂತ್ರಕ್ಕೆ ಒಂದು ಲಕ್ಷ ಹತ್ತು ಸಾವಿರ. ಅದೊಂದು ಬಂದರೆ ಅಂಗಡಿಯವನ ಹಂಗಿಲ್ಲ. ಎರಡು ಮೂರು ವರ್ಷದಲ್ಲಿ ನಿಮ್ಮ ಹಂಗೂ ಇರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದಳು. ಭತ್ಯೆಯನ್ನು ಆದಾಯ ಎಂದು ಪರಿಗಣಿಸುವುದಿಲ್ಲ ಎಂದರು. ಅದೇ ಭತ್ಯೆಯಲ್ಲಿ ಉಳಿಸಿದರೆ ನೀವು ಅದನ್ನು ಆಸ್ತಿ ಎಂದು ಪರಿಗಣಿಸುತ್ತೀರಿ. ಆರು ತಿಂಗಳಿಗೊಮ್ಮೆ ನಿಮ್ಮ ತಪಾಸಣೆಯವರು ಬರುತ್ತಾರೆ. ಕೆಟ್ಟವರಲ್ಲ. ಪಾಸ್‌ಬುಕ್ ನೋಡುತ್ತಾರೆ, ಬೀರು ತೆಗೆಸುತ್ತಾರೆ. ಒಮ್ಮೆ ಹೊಸ ಕಂಬಳಿ ಕಂಡು "ಇದನ್ನ ಯಾರು ಕೊಡಿಸಿದ್ದು?" ಎಂದರು. "ಚಳಿ ಕೊಡಿಸ್ತು ಸಾರ್" ಅಂದಳು ಸೂಜಿ. ಪಾಸ್‌ಬುಕ್‌ನಲ್ಲಿ ಮೂವತ್ತೆಂಟು ಸಾವಿರ ಇತ್ತು. ಅವರು ತಲೆ ಕೆರೆದುಕೊಂಡು, ಧ್ವನಿ ತಗ್ಗಿಸಿ, "ಖರ್ಚು ಮಾಡಿಬಿಡಮ್ಮ. ದೊಡ್ಡ ಟಿವಿ ತಗೋ. ಮಿತಿ ಮಾತ್ರ ದಾಟಬೇಡ" ಎಂದು ಬುದ್ಧಿ ಹೇಳಿ ಹೋದರು. ದುಡಿಯುವ ಯಂತ್ರಕ್ಕೆ ಕೂಡಿಟ್ಟರೆ ಅಪರಾಧ, ಟಿವಿ ಕೊಂಡು ಅದರ ಮುಂದೆ ಕೂತರೆ ಅರ್ಹತೆ. ನಿಮ್ಮ ಸಂಬಳದಲ್ಲೂ ನಿವೃತ್ತಿಗೆಂದು ತಿಂಗಳು ತಿಂಗಳು ಹಿಡಿದಿಡುತ್ತಾರೆ. ಅದಕ್ಕೆ ದೂರದೃಷ್ಟಿ ಎಂಬ ಹೆಸರಿದೆ. ಅವಳು ಮಾಡಿದಾಗ ವಂಚನೆ ಎಂಬ ಹೆಸರು ಹೇಗೆ ಬರುತ್ತದೆ?

ಆಗ ನಾನು ಒಂದು ಸಲಹೆ ಕೊಟ್ಟೆ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು ನಾನು. ಅಣ್ಣ ತಂಗಿಯರ ವ್ಯಾಜ್ಯಗಳನ್ನು ಸಾವಿರ ಪುಟ ಟೈಪ್ ಮಾಡಿದ್ದೇನೆ. ಆದರೂ, ಹಣವನ್ನು ಅಣ್ಣನ ಖಾತೆಯಲ್ಲಿಡು ಎಂದೆ. ಏಕೆಂದರೆ ಆ ಅಣ್ಣ ನಮ್ಮವನು. ಅಪಘಾತವಾದ ಮೊದಲ ವರ್ಷ ಅವಳನ್ನು ಬೆನ್ನ ಮೇಲೆ ಹೊತ್ತು ದಿನಕ್ಕೆರಡು ಸಲ ಮೂರು ಮಹಡಿ ಹತ್ತಿಸಿ ಇಳಿಸಿದವನು. ಅವನದು ಸರಕು ಸಾಗಿಸುವ ವ್ಯಾನು. ನಾಲ್ಕು ವರ್ಷ ಅವಳು ಕೊಟ್ಟಳು, ಅವನು ಖಾತೆಗೆ ಹಾಕಿದ. ಐದನೆಯ ವರ್ಷ ವ್ಯಾನಿನ ಎಂಜಿನ್ ಕೆಟ್ಟಿತು. ಆಮೇಲೆ ಏನಾಯಿತೆಂದು ನನಗೆ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ.

"ಅಣ್ಣಾ, ಮೆಷಿನ್ನಿನವರು ಸೋಮವಾರ ಬರ್ತಾರೆ. ದುಡ್ಡು ತಂದುಕೊಡು."

"ಯಾವ ದುಡ್ಡು?"

"ನಾಲ್ಕು ವರ್ಷದಿಂದ ನಿನ್ನ ಹತ್ರ ಇಟ್ಟಿದ್ದು."

"ನನ್ನ ಖಾತೆಲಿ ಇರೋದು ನನ್ನ ದುಡ್ಡು."

"ಅದನ್ನ ಇನ್ನೊಂದು ಸಲ ನನ್ನ ಮುಖ ನೋಡಿ ಹೇಳು."

"ನೀನೇ ಹೋಗಿ ಹೇಳು, ಆಫೀಸಲ್ಲಿ. ನನ್ನ ದುಡ್ಡು ಅಣ್ಣನ ಹತ್ರ ಇದೆ ಅಂತ. ಬಾಯಿ ಬಿಟ್ಟ ದಿನಾನೇ ನಿನ್ನ ಭತ್ಯೆ ಹೋಗತ್ತೆ. ಹೇಳ್ತೀಯಾ?"

"ಹೇಳ್ತೀನಿ."

ಮಾನ್ಯರೇ, ಬೈಂಡಿಂಗ್ ಪ್ರೆಸ್ಸು ಎಂದರೆ ಎರಡು ದಪ್ಪ ಹಲಗೆ, ಅವನ್ನು ಒತ್ತಲು ಮೇಲೊಂದು ಕಬ್ಬಿಣದ ತಿರುಪು, ಅದಕ್ಕೊಂದು ಹಿಡಿ. ಅಂಟು ಹಚ್ಚಿದ ಪುಸ್ತಕವನ್ನು ಹಲಗೆಗಳ ನಡುವೆ ಇಟ್ಟು ಹಿಡಿ ತಿರುಗಿಸಿದರೆ ಬಿಗಿಯುತ್ತದೆ. ಅವಳು ಪುಸ್ತಕದ ಬೆನ್ನು ಸರಿಮಾಡುತ್ತಿದ್ದಳು, ಕೈ ಒಳಗಿತ್ತು. ಅವನು ಎಡಗೈಯಿಂದ ಅವಳ ಮುಂಗೈ ಒತ್ತಿ ಹಿಡಿದು ಬಲಗೈಯಿಂದ ಹಿಡಿ ತಿರುಗಿಸಿದ. "ಹೇಳ್ತೀಯಾ?" ಎಂದ. "ಹೇಳ್ತೀನಿ" ಅಂದಳು. ಇನ್ನೊಂದು ಸುತ್ತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಒಣಗಿದ ಕಡ್ಡಿ ಮುರಿದಂತೆ ಶಬ್ದ ಕೇಳಿತು. ಮೂರನೆಯ ಸುತ್ತಿನ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಬಿಸಿಯಾಗಿತ್ತು. ಅದನ್ನು ಅವನ ಕುತ್ತಿಗೆಗೆ ಒತ್ತಿದೆ. ಚರ್ಮ ಸುಟ್ಟ ವಾಸನೆ ಬರುವವರೆಗೂ ತೆಗೆಯಲಿಲ್ಲ. ಅವನು ಹಿಡಿ ಬಿಟ್ಟ. ಇದೂ ಕಡತದಲ್ಲಿದೆ, ನಾನೇ ಹೇಳಿ ಬರೆಸಿದ್ದೇನೆ. ಬಿಚ್ಚಿದಾಗ ಪುಸ್ತಕದ ರಟ್ಟಿಗೆ ಅವಳ ಬೆರಳ ಚರ್ಮ ಅಂಟಿತ್ತು. ಅದು ಯಾವುದೋ ಶಾಲೆಯ ಹಾಜರಿ ಪುಸ್ತಕ.

ಮಾರನೆಯ ದಿನ ಪೊಲೀಸರು ಬರುವ ಮೊದಲು ವಾರ್ಡಿನ ನರ್ಸು ನನ್ನನ್ನು ಪಕ್ಕಕ್ಕೆ ಕರೆದರು. "ಮನೆ ಜಗಳ ಅಂತ ಬರೆಸಿಬಿಡಿ ಅಮ್ಮಾ. ದುಡ್ಡಿನ ಮಾತು ಎತ್ತಬೇಡಿ. ಆ ಆಫೀಸಿನವರು ಇದನ್ನೆಲ್ಲ ತರಿಸಿಕೊಳ್ತಾರೆ. ಇದೇ ವಾರ್ಡಲ್ಲಿ ನೋಡಿದೀನಿ." ನಾನು ನಂಬಲಿಲ್ಲ. ಏಟು ತಿಂದವಳ ಹೇಳಿಕೆಯನ್ನು ಅವಳ ವಿರುದ್ಧವೇ ಬಳಸುವಷ್ಟು ಬಿಡುವು ಯಾವ ಸರ್ಕಾರಿ ಕಚೇರಿಗೂ ಇರಲಾರದು ಎಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳು ಎಂದು ತಂಗಿಗೆ ಎರಡನೆಯ ಸಲಹೆ ಕೊಟ್ಟೆ. ಅವಳು ಹೇಳಿದಳು. ಹೇಳಿಕೆಯ ಮೂರನೇ ಸಾಲು ಹೀಗಿದೆ: ಅಣ್ಣನ ಖಾತೆಯಲ್ಲಿದ್ದ ಹಣ ನನ್ನದು.

ಇನ್ನಾವ ಕಾಗದಕ್ಕೂ ತಿಂಗಳುಗಟ್ಟಲೆ ಕಾಯಿಸುವ ನೀವು ಈ ಸಾಲನ್ನು ಹನ್ನೆರಡೇ ದಿನದಲ್ಲಿ ಹುಡುಕಿ ತೆಗೆದಿರಿ. ಅಭಿನಂದನೆ. ಆದರೆ ಆ ಹಣ ಈಗ ಎಲ್ಲಿದೆ ಎಂದು ವಿಚಾರಿಸಿದಿರಾ? ನಿಮ್ಮ ಪ್ರಕಾರ ಅದು ಅವಳದು. ಬ್ಯಾಂಕಿನ ಪ್ರಕಾರ ಅವನದು. ನಿಜದಲ್ಲಿ ಅದು ವ್ಯಾನಿನೊಳಗಿನ ಎಂಜಿನ್ನು. ಅವಳ ಕೈಗೆ ಸಿಗದ ಹಣಕ್ಕಾಗಿ ಅವಳ ಕೈ ಮುರಿಯಿತು, ಅದೇ ಹಣ ಅವಳ ಬಳಿ ಇದೆ ಎಂದು ಅವಳ ಅನ್ನಕ್ಕೂ ಕಲ್ಲು ಬಿತ್ತು.

ಕಳೆದ ಶುಕ್ರವಾರ ಅವಳನ್ನು ನಿಮ್ಮ ಕಚೇರಿಗೆ ಕರೆತಂದಿದ್ದೆ. ಕಡತ ನೋಡಿದ ಗುಮಾಸ್ತರು ಸಮಾಧಾನದಿಂದಲೇ ಹೇಳಿದರು: "ಆ ಸಾಲು ವಾಪಸ್ ತಗೊಂಡ್ರೆ ನಾವು ಮತ್ತೆ ಪರಿಶೀಲಿಸಬಹುದಮ್ಮ."

"ಬೆರಳೂ ವಾಪಸ್ ಕೊಡ್ತೀರಾ ಸಾರ್?" ಅಂದಳು ಸೂಜಿ.

ಅದೇ ಸಂಜೆ ತಮ್ಮನ ವಕೀಲರು ಫೋನು ಮಾಡಿದರು. ಅವರು ಕೇಳಿದ್ದೂ ಅದನ್ನೇ. ಹಣ ಅಣ್ಣನದು ಎಂದು ಬರೆದುಕೊಟ್ಟರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ, ಕೆಲಸ ಮಾಡುವಾಗ ಕೈ ಸಿಕ್ಕಿಕೊಂಡಿತು ಎಂದಾಗುತ್ತದೆ, ಭತ್ಯೆಯೂ ಮತ್ತೆ ಬರುತ್ತದೆ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ. ಮುರಿಯಬೇಕಾದದ್ದು ಆಗಲೇ ಮುರಿದಿದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಈಗ ನೀವೇ ಹೇಳಿ. ಬೆರಳು ಮುರಿದವನಿಗೂ ಭತ್ಯೆ ನಿಲ್ಲಿಸಿದ ನಿಮಗೂ ಒಬ್ಬ ಹೆಂಗಸಿನಿಂದ ಒಂದೇ ಸುಳ್ಳು ಬೇಕಾಗಿದೆ ಎಂದರೆ, ನೀವು ಯಾರ ಪಕ್ಷ? ಅವನು ಹೇಳ್ತೀಯಾ, ಹೇಳ್ತೀಯಾ ಎಂದು ಧೈರ್ಯವಾಗಿ ಕೇಳುತ್ತಿದ್ದ. ಆ ಧೈರ್ಯ ಅವನಿಗೆ ಎಲ್ಲಿಂದ ಬಂತು? ನಿಮ್ಮ ಹನ್ನೊಂದನೆಯ ಪುಟದಿಂದ. ಹಿಡಿ ತಿರುಗಿಸಿದ್ದು ಅವನು, ತಿರುಪು ನಿಮ್ಮದು. ಅವನಿಗೆ ಶಿಕ್ಷೆಯಾಗಬಹುದು, ಆಗಲಿ. ಇಂಥ ಪ್ರೆಸ್ಸುಗಳು ಇನ್ನೆಷ್ಟು ಮನೆಯಲ್ಲಿವೆ? ಎಷ್ಟು ಅಣ್ಣಂದಿರ, ಗಂಡಂದಿರ, ಭಾವಂದಿರ ಖಾತೆಯಲ್ಲಿ ಬಾಯಿ ಬಿಡಲಾಗದವರ ಹಣ ಕೂತಿದೆ? ನಿಮ್ಮ ತಪಾಸಣೆಯವರು ಕಂಬಳಿ ಎಣಿಸುವ ಬದಲು ಇದನ್ನು ಎಣಿಸಿ ತರಲಿ.

ನಾನು ಕೇಳುವುದು ಹೆಚ್ಚೇನಿಲ್ಲ. ಭತ್ಯೆ ನಿಲ್ಲಿಸಿದ ಆದೇಶವನ್ನು ವಿಚಾರಣೆಗೆ ಮೊದಲೇ ಹಿಂಪಡೆಯಿರಿ. ಹಲ್ಲೆಗೆ ಒಳಗಾದವರು ಪೊಲೀಸರಿಗೆ ಹೇಳಿದ ಮಾತನ್ನು ಅವರ ಭತ್ಯೆಯ ಕಡತಕ್ಕೆ ಸೇರಿಸಬೇಡಿ. ದುಡಿಮೆಯ ಉಪಕರಣಕ್ಕೆಂದು ಕೂಡಿಟ್ಟ ಹಣವನ್ನು ಮಿತಿಯಿಂದ ಹೊರಗಿಟ್ಟು, ಅದನ್ನು ಅವರವರ ಹೆಸರಿನಲ್ಲೇ ಇಟ್ಟುಕೊಳ್ಳಲು ಬಿಡಿ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಸಂಬಳ ಎಷ್ಟು ಸಲ ಏರಿತೋ ಅಷ್ಟು ಸಲ ಆ ನಲವತ್ತು ಸಾವಿರವೂ ಏರಲಿ. ಇದಾವುದೂ ಆಗದಿದ್ದರೆ ಹನ್ನೊಂದನೆಯ ಪುಟದ ಕೆಳಗೆ ಒಂದು ಸಾಲು ಸೇರಿಸಿ: ಈ ನಿಯಮದಿಂದ ಮುರಿಯುವ ಮೂಳೆಗಳಿಗೆ ಕಚೇರಿ ಜವಾಬ್ದಾರಿಯಲ್ಲ. ಹೊಸ ಪ್ರತಿಗಳನ್ನು ಹೊಲಿಯಲು ಮಾತ್ರ ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು. ತೋರುಬೆರಳು ಇನ್ನು ಮಡಚುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ.

ನಿಮ್ಮ ಕಚೇರಿಯ ವಿಚಾರಣೆ ಹದಿನೆಂಟನೇ ತಾರೀಖು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಎರಡನೇ ಮಹಡಿ, ಆರನೇ ಕೋಣೆ. ಹಲ್ಲೆ ಪ್ರಕರಣದಲ್ಲಿ ನ್ಯಾಯಾಲಯದ ಮುಂದೆ ಅವಳ ಸಾಕ್ಷಿ ಮಾರನೆಯ ದಿನ, ಹನ್ನೊಂದು ಗಂಟೆಗೆ. ಹಣ ಯಾರದು ಎಂದು ಎರಡೂ ಕಡೆ ಕೇಳುತ್ತಾರೆ. ಎರಡೂ ಕಡೆ ಅವಳು ಮೂರನೇ ಸಾಲನ್ನೇ ಹೇಳುತ್ತಾಳೆ.

ಇಂತಿ,
ಎರಡು ಸಲಹೆ ಕೊಟ್ಟವಳು, ಮೂರನೆಯದನ್ನು ಕೊಡಲು ಬಾಯಿ ಬಾರದವಳು,
ಅವಳ ಅಕ್ಕ