ಎರಡನೆಯ ಸೀಟು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುವುದಿತ್ತು ಎಂದು ಸುಳ್ಳು ಹೇಳಬಹುದಿತ್ತು. ನಿಜ ಬೇರೆ: ನಾನು ವಿಮಾನ ಕೊಳ್ಳುತ್ತಿದ್ದೇನೆ. ನಗಬೇಡ. ನಮ್ಮ ಅಡುಗೆಮನೆಗಿಂತ ಇಕ್ಕಟ್ಟಾದ, ಇಬ್ಬರು ಕೂರುವ, ಹೊಚ್ಚಹೊಸ ಹಗುರ ವಿಮಾನ.

ನನಗೆ ಹಾರುವ ಪರವಾನಗಿ ಸಿಕ್ಕ ದಿನದಿಂದ ಇವರದು ಒಂದೇ ಹಟ. "ಯಾರೋ ಓಡಿಸಿ ಸವೆಸಿದ್ದು ಯಾಕೆ? ಹೊಸದೇ ತಗೋ." ಬೆಲೆ ಕೇಳಿದ ಮೇಲೆ ಇಬ್ಬರ ಬಾಯಿಯೂ ಒಣಗಿತು. ನಾನು ಒಂಬತ್ತು ವರ್ಷ ಪಾಠ ಮಾಡಿದರೆ ಸಿಗುವಷ್ಟು! ಅದೂ ಬರೀ ವಿಮಾನಕ್ಕೆ. ರೇಡಿಯೊ ಬೇರೆ, ಆಪತ್ತಿನಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಬೇರೆ, ವಿಮೆ, ಶೆಡ್ಡಿನ ಬಾಡಿಗೆ, ವರ್ಷದ ತಪಾಸಣೆ ಎಲ್ಲ ಬೇರೆ ಬೇರೆ. ಇವರು ಮಾರುವವನನ್ನು ಕೇಳಿಯೇಬಿಟ್ಟರು: "ರೆಕ್ಕೆ ಸೇರಿದೆಯಾ ಸ್ವಾಮಿ, ಅದೂ ಬೇರೆನಾ?"

ಒಬ್ಬರೇ ಕೂರುವಂಥದ್ದು ಅರ್ಧ ಬೆಲೆಗೆ ಬರುತ್ತಿತ್ತು. ನಾನೇ ಒಪ್ಪಲಿಲ್ಲ. ಇಪ್ಪತ್ತಾರು ವರ್ಷ ಇವರ ಸ್ಕೂಟರಿನ ಹಿಂದೆ ಕೂತವಳು. ಇನ್ನಾದರೂ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಡದ ಮೇಲ್ಭಾಗ ಹೇಗಿರುತ್ತದೆ ಎಂದು ತೋರಿಸಬೇಡವೇ? ಆ ಆಸೆಗೆ ನನ್ನ ಉಳಿತಾಯವೆಲ್ಲ ಹೋಯಿತು.

ಪಟ್ಟಿಯ ಕೊನೆಯಲ್ಲಿ ಸೀಟಿನ ಮೆತ್ತೆಗೂ ಒಂದು ಬೆಲೆ ಇತ್ತು. ಅದನ್ನು ಕಂಡದ್ದೇ ತಡ, ಇವರೊಳಗಿನ ಸೋಫಾ ಕೆಲಸಗಾರ ಎದ್ದು ಕೂತ. "ಊರಿನವರ ಬೆನ್ನಿಗೆಲ್ಲ ಮೆತ್ತೆ ಹೊಲಿದೋನು ನಾನು. ಹೆಂಡತಿ ಬೆನ್ನಿಗೆ ಬೇರೆಯವರ ಹತ್ರ ಹೊಲಿಸ್ಲಾ?" ಎರಡು ವಾರ ಅಂಗಡಿಯಲ್ಲಿ ಗಿರಾಕಿಗಳ ಕೆಲಸ ಮೂಲೆ ಸೇರಿತು. ಸ್ಪ್ರಿಂಗು, ನಾರು, ದಪ್ಪ ಫೋಮು, ಅಂಚಿಗೆ ಹಿತ್ತಾಳೆಯ ಮೊಳೆಗಳು. ಹೊತ್ತುಕೊಂಡು ಹೋಗಿ ತೋರಿಸಿದೆವು. ನನಗೆ ಹಾರಲು ಕಲಿಸಿದ ತರಬೇತುದಾರ ಎರಡು ಮೆತ್ತೆಗಳನ್ನೂ ತಕ್ಕಡಿಯ ಮೇಲಿಟ್ಟು ತಲೆಯ ಮೇಲೆ ಕೈಹೊತ್ತ.

"ಹದಿನೆಂಟು ಕಿಲೋ! ಇದನ್ನ ಹಾಕಿದ್ರೆ ಮೇಡಂ ಇಲ್ಲೇ ಇಳೀಬೇಕು ಸಾರ್, ಮೆತ್ತೆ ಮಾತ್ರ ಹಾರುತ್ತೆ."

"ಹೋಗಲಿ ಬಿಡಿ, ಅದಾದ್ರೂ ಆರಾಮಾಗಿ ಹೋಗಿಬರಲಿ" ಎಂದರು ಇವರು, ಮುಖ ಊದಿಸಿಕೊಂಡು.

ಈಗ ಸ್ಪ್ರಿಂಗು, ಮೊಳೆ ಎಲ್ಲ ಕಿತ್ತು, ಅವನು ಹೇಳಿದ ಬಟ್ಟೆ, ಹೇಳಿದ ತೂಕಕ್ಕೇ ಮತ್ತೆ ಹೊಲಿಯುತ್ತಿದ್ದಾರೆ. ಶುಕ್ರವಾರ ಮುಂಗಡ ಕೊಟ್ಟೆವು. ಅದು ಹಿಂದಕ್ಕೆ ಬರುವ ಹಣವಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಕಾರು ಓಡಿಸುತ್ತಾ ಪದ್ಯ ಹೇಳಿದೆ. "ಮೊದಲು ಗಿಯರ್ ಹಾಕು ಮಹರಾಯ್ತಿ, ಆಮೇಲೆ ಕವಿತೆ" ಎಂದು ಬೈಸಿಕೊಂಡೆ.

ನಿನ್ನ ಮೊಮ್ಮಗಳಿಗೆ ಹಲ್ಲು ಬಂತಂತೆ. ಈ ಲೋಕದಲ್ಲಿ ಅವಳು ಕಚ್ಚಿದ್ದೆಲ್ಲ ಸಿಹಿಯಾಗಿರಲಿ ಎಂದು ಹರಸಿದೆ ಅನ್ನು. ನಿನ್ನ ಮಂಡಿ ನೋಡಿಕೋ.

ನಿನ್ನ
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇನ್ನೊಂದು ಮಾತು. ನಿನ್ನೆ ತರಬೇತುದಾರ ಬಾಯಿತಪ್ಪಿ ಹೇಳಿಬಿಟ್ಟ. ನನ್ನ ಪಕ್ಕ ಕೂರುವುದಕ್ಕೆ ಅಭ್ಯಾಸವಾಗಲಿ ಎಂದು ಇವರು ಮೂರು ಸಲ ಗುಟ್ಟಾಗಿ ಹೋಗಿ ಅವನ ತರಬೇತಿ ವಿಮಾನ ಹತ್ತಿದ್ದರಂತೆ. ಮೂರು ಸಲವೂ ಎಂಜಿನ್ ಶುರುವಾಗುತ್ತಲೇ ಬೆವತು ಇಳಿದುಬಿಟ್ಟರಂತೆ. "ನನ್ನ ಕೈಲಾಗಲ್ಲ. ಅವಳಿಗೆ ಹೇಳ್ಬೇಡಿ, ಖುಷಿಯಾಗಿದಾಳೆ" ಎಂದರಂತೆ. ದುಡ್ಡು ಹಾಳಾಗಲಿ ಅಕ್ಕ. ತಮಗೆ ಹೆದರಿಕೆ ಎಂದು ಹೇಳಿಕೊಳ್ಳಲು ಇವರಿಗೆ ಮೂರನೆಯವನೇ ಬೇಕಾಯಿತು. ನನ್ನ ಜೊತೆ ಇಪ್ಪತ್ತಾರು ವರ್ಷ ಸಾಲಲಿಲ್ಲ.

ಇವತ್ತು ಬೆಳಿಗ್ಗೆ ಎರಡು ಬಟ್ಟೆಯ ತುಂಡು ಹಿಡಿದು ಬಂದು, "ನನ್ನ ಸೀಟಿಗೆ ನೀಲಿನಾ, ಬೂದಿ ಬಣ್ಣನಾ?" ಎಂದು ಕೇಳಿದರು.

ನೀಲಿ ಎಂದೆ.